ಮಂಜಿನ ಮಠದ ನಿಯಮ

ನಮ್ಮತ್ತೆ, ಎಂದರೆ ಅಪ್ಪನ ತಂಗಿ, ಇದುವರೆಗೆ ಎಷ್ಟು ಮಂತ್ರವಾದಿಗಳಿಗೆ ಮದುವೆ ಮಾಡಿಸಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಅದಕ್ಕಿಂತ ಹೆಚ್ಚು ಜನರಿಗೆ ಸನ್ಯಾಸ ಕೊಡಿಸಿದ್ದಾಳೆ. ಒಬ್ಬ ಮಾಟಗಾತಿಗೆ ಗಂಡನಿಂದ ಬಿಡುಗಡೆಯನ್ನೂ ಕೊಡಿಸಿ, ಜೀವನಾಂಶವಾಗಿ ಅರ್ಧ ಮೋಡ ಬರೆಸಿಕೊಟ್ಟಿದ್ದಾಳೆ. ತಾನು ಮಾತ್ರ ಮದುವೆಯನ್ನೂ ಮಾಡಿಕೊಳ್ಳದೆ, ಸನ್ಯಾಸವನ್ನೂ ತೆಗೆದುಕೊಳ್ಳದೆ, ಗುಂಡ್ಲುಪೇಟೆಯಲ್ಲಿ ಬ್ಲೌಸು ಹೊಲಿಯುತ್ತಾ ಕೂತಿದ್ದಾಳೆ!

ಈ ಮಂತ್ರವಾದಿಗಳೆಲ್ಲ ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗಬೇಡಿ. ಅವರಿರುವುದು ಅತ್ತೆಯ ತಲೆಯಲ್ಲಿ. ಅಲ್ಲಿಂದ ಅವರು ಇಳಿಯುವುದು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ, ಧ್ವನಿಸಂದೇಶದ ರೂಪದಲ್ಲಿ. ಹೆದ್ದಾರಿಯ ಪಕ್ಕದ ಚಿಕ್ಕ ಅಂಗಡಿಯಲ್ಲಿ ಮಷಿನ್ ತುಳಿಯುತ್ತಲೇ ಅವಳು ಕಥೆ ಹೇಳುತ್ತಾಳೆ. ಹಾಗಾಗಿ ಮಂತ್ರವಾದಿ ಯುದ್ಧಕ್ಕೆ ಹೊರಟರೆ ಹಿಂದೆ ಟಕಟಕ ಎಂದು ಮಷಿನ್ ಓಡುತ್ತದೆ, ರಾಜಕುಮಾರಿ ಬಾಯಿ ತೆರೆಯುವಷ್ಟರಲ್ಲಿ ಕೇರಳಕ್ಕೆ ತರಕಾರಿ ಹೊತ್ತ ಲಾರಿಯೊಂದು ಹಾರನ್ ಹೊಡೆದು ಅವಳ ಮಾತನ್ನು ನುಂಗಿಬಿಡುತ್ತದೆ. ಆ ರಾಜಕುಮಾರಿ ಏನೆಂದಳು ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. ಅತ್ತೆಯನ್ನು ಕೇಳಿದರೆ, "ಏಳಿದ್ನಲ್ಲ, ಸರ್ಯಾಗಿ ಕೇಳುಸ್ಕಬೇಕು" ಎನ್ನುತ್ತಾಳೆ.

ಈ ಕಥೆಗಳು ಯಾವಾಗ ಶುರುವಾದವು? ಚಿಕ್ಕಂದಿನಲ್ಲಿ ನನಗೆ ಸಿಡುಬು, ನಮ್ಮ ಕಡೆಯ ಮಾತಿನಲ್ಲಿ ಅಮ್ಮ, ಎದ್ದು ಮೈಯೆಲ್ಲ ತುರಿಸುತ್ತಿದ್ದಾಗ, ಕೆರೆದುಕೊಳ್ಳದಿರಲಿ ಎಂದು ಅತ್ತೆ ಬೇವಿನ ಸೊಪ್ಪು ಬೀಸುತ್ತಾ ಮೊದಲ ಕಥೆ ಹೇಳಿದ್ದು ಚೆನ್ನಾಗಿ ನೆನಪಿದೆ. ಅಪ್ಪನ ಪ್ರಕಾರ ಅಮ್ಮ ಎದ್ದಿದ್ದು ನನಗಲ್ಲ, ನನ್ನ ತಮ್ಮನಿಗೆ. ಹಾಗಾದರೆ ನನಗೆ ನೆನಪಿರುವ ಆ ತುರಿಕೆ ಯಾರದು? ಚಾಮರಾಜನಗರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಅಂದಿನಿಂದ ನೆನಪು ಎಂಬ ಸಾಕ್ಷಿಯನ್ನು ನಂಬುವುದನ್ನೇ ಬಿಟ್ಟಿದ್ದೇನೆ. ಅದಕ್ಕೇ ದಿನಚರಿ ಬರೆಯುತ್ತೇನೆ. ಅದೂ ಅಷ್ಟಕ್ಕಷ್ಟೆ. ಮುಖ್ಯವಾದ ದಿನಗಳ ಪುಟ ತೆರೆದರೆ ಹಲ್ಲುನೋವಿನ ವಿಚಾರ ಬರೆದಿರುತ್ತೇನೆ!

ಇರಲಿ, ಕಥೆಗೆ ಬರೋಣ. ಅತ್ತೆಯ ಲೋಕದಲ್ಲಿ ಮಂತ್ರವಿದ್ಯೆ ಕಲಿಸುವ ಮಠಗಳಿವೆ. ಒಂದೊಂದು ಮಠಕ್ಕೂ ಮದುವೆಯ ವಿಚಾರದಲ್ಲಿ ಒಂದೊಂದು ಕಟ್ಟಳೆ. ಯುದ್ಧ, ನಿಧಿ, ರಾಕ್ಷಸರು ಎಲ್ಲ ಅವಳಿಗೆ ಬರೀ ಒಗ್ಗರಣೆ. ಅವಳ ಆಸಕ್ತಿಯೆಲ್ಲ ಯಾರು ಯಾರನ್ನು ಮದುವೆಯಾಗಬಹುದು, ಯಾರು ಆಗಬಾರದು, ಆದರೆ ಏನಾಗುತ್ತದೆ ಎಂಬುದರಲ್ಲಿ.

ಗಾಳಿ ಮಠದವರು ಕಡ್ಡಾಯವಾಗಿ ಮದುವೆಯಾಗಬೇಕು. ಒಮ್ಮೆ ಲಗ್ನದ ಬ್ಲೌಸು ಹೊಲಿಸಲು ಬಂದ ಹುಡುಗಿಯೊಬ್ಬಳು ಯಾಕೆಂದು ಕೇಳಿದಳು. ಅವಳ ತೋಳಿನ ಸುತ್ತ ಟೇಪು ಹಿಡಿದಿದ್ದ ಅತ್ತೆ ಹೇಳಿದಳು: "ಮದ್ವೆ ಆಗ್ದಿದ್ರೆ ಆರೋಯ್ತರೆ ಕಣಮ್ಮಿ! ಗಾಳಿ ಮಂತ್ರ ಕಲ್ತೋನು ಅಗುರಾಗ್ಬುಡ್ತನೆ. ಪಂಚೆ ಚುಂಗ ಇಡ್ಕೊಳಾಕೆ ಎಡ್ತಿ ಬೇಕು."

"ಎಡ್ತಿ ಬುಟ್ಬುಟ್ರೆ?"

"ಅದುನ್ನ ನೀನು ನಿನ್ ಗಂಡುನ್ ತಾವ್ಲೇ ನೋಡ್ಕಳವ್ವ. ಎದೆ ಸುತ್ತು ಒಂಚೂರು ಸಡ್ಲ ಮಡಗ್ಲಾ?"

ಬೆಂಕಿ ಮಠದಲ್ಲಿ ಗಂಡಹೆಂಡತಿ ಒಂದೇ ದಿನ ಸಿಟ್ಟು ಮಾಡಿಕೊಳ್ಳುವಂತಿಲ್ಲ, ಮನೆ ಹತ್ತಿಕೊಳ್ಳುತ್ತದೆ. ಸೋಮವಾರ ಗಂಡನ ಸರದಿಯಾದರೆ ಮಂಗಳವಾರ ಹೆಂಡತಿಯದು. ನಮ್ಮಪ್ಪ ಈ ನಿಯಮವನ್ನು ಮನೆಯಲ್ಲೂ ಜಾರಿಗೆ ತರಲು ನೋಡಿದರು. ಅಮ್ಮ ವಾರವಿಡೀ ತನ್ನ ಹೆಸರಿಗೆ ಬರೆದುಕೊಂಡಳು.

ಈರುಳ್ಳಿ ಮಠ ನಮ್ಮ ಗುಂಡ್ಲುಪೇಟೆಯ ಕೊಡುಗೆ. ಮಾರುಕಟ್ಟೆಯಿಂದ ಬರುವ ವಾಸನೆಯೇ ಅದಕ್ಕೆ ಪ್ರೇರಣೆ ಇರಬೇಕು. ಆ ಮಠದವರು ಯಾರನ್ನು ಬೇಕಾದರೂ ಅಳಿಸಬಲ್ಲರು. ಅವರಿಗೆ ಮದುವೆಗೆ ಅಡ್ಡಿಯೇನಿಲ್ಲ, ಆದರೆ ಯಾರೂ ಹೆಣ್ಣು ಕೊಡುವುದಿಲ್ಲ! ಹೆಣ್ಣು ನೋಡಲು ಹೋದರೆ ಸಾಕು, ಹುಡುಗಿಯ ಮನೆಯವರೆಲ್ಲ ಗೊಳೋ ಎಂದು ಅಳತೊಡಗುತ್ತಾರೆ. "ಆ ಬಡಪಾಯಿಗಳಿಗೆ ಒಂದು ದಾರಿ ಮಾಡು ಅತ್ತೆ, ಕಥೆ ತಾನೇ, ಸ್ವಲ್ಪ ಸಡಿಲ ಬಿಡು" ಎಂದು ನಾನು ಒಮ್ಮೆ ಹೇಳಿದೆ. ಅತ್ತೆ ಮಷಿನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು. "ನಿಯಮ ಅನ್ನದು ಬ್ಲೌಸೇನಮ್ಮಿ, ಬೇಕಾದಂಗೆ ಸಡ್ಲ ಮಾಡಾಕೆ?"

ಅವಳೇ ಮಾಡಿದ ನಿಯಮ, ಅವಳೇ ಮುರಿಯಬಹುದು. ಆದರೆ ಮುರಿಯುವುದಿಲ್ಲ. ಅದರಲ್ಲೂ ಮಂಜಿನ ಮಠದ ನಿಯಮವನ್ನು.

ಮಂಜಿನ ಮಠ ಬೆಟ್ಟದ ಮೇಲಿದೆ. ಅಲ್ಲಿಗೆ ಸೇರುವವರೆಲ್ಲ ಮಕ್ಕಳು. ಅವರಿಗೆ ಮದುವೆಯಿಲ್ಲ, ಮನೆಯಿಲ್ಲ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸೇರಿದ ದಿನ ಅವರು ತಮ್ಮವರ ಹೆಸರುಗಳನ್ನೆಲ್ಲ ಮಂಜಿಗೆ ಒಪ್ಪಿಸಿಬಿಡಬೇಕು. ಅಪ್ಪ, ಅವ್ವ, ಅಕ್ಕ, ತಂಗಿ, ಅತ್ತೆ, ಮಾವ ಎಂಬ ಯಾವ ಕರೆಯೂ ಬಾಯಲ್ಲಿ ಉಳಿಯಕೂಡದು. ಆ ಹೆಸರುಗಳನ್ನು ಉಂಡ ಮಂಜು ಬೆಟ್ಟದಿಂದ ಇಳಿದು ಕೆಳಗಿನ ಊರುಗಳ ಬಾವಿ ತುಂಬಿಸುತ್ತದೆ. ಮಠದವನೊಬ್ಬ ಹಳೆಯ ಹೆಸರೊಂದನ್ನು ನೆನೆದು ಕರೆದರೆ ಕೆಳಗೆ ಒಂದು ಬಾವಿ ಬತ್ತುತ್ತದೆ. ಮಠದವರೆಲ್ಲ ಮರೆತರೆ ಮಾತ್ರ ಊರಿನವರಿಗೆ ನೀರು.

ಒಮ್ಮೆ ನಾವೆಲ್ಲ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಬಸ್ಸಿನಿಂದ ಇಳಿದರೆ ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು. ಎಲ್ಲರೂ ದೇವರನ್ನು ನೋಡಿದರೆ ಅತ್ತೆ ಮಂಜನ್ನು ನೋಡಿದಳು. ತೀರ್ಥ ಕೊಡುತ್ತಿದ್ದ ಅರ್ಚಕರನ್ನು, "ಸ್ವಾಮಿ, ಇದ್ರೊಳಗೆ ನಿಂತ್ಕಂಡು ಯಾರ್ನಾರ ಎಸ್ರಿಡ್ದು ಕೂಗುದ್ರೆ ಚದುರೋಯ್ತದಾ?" ಎಂದು ಕೇಳಿಯೂಬಿಟ್ಟಳು. ಅವರು, "ಮುಂದೆ ಹೋಗಮ್ಮ, ಹಿಂದೆ ಜನ ಇದ್ದಾರೆ" ಎಂದರು. ಹೊರಗೆ ಬಂದು ಮೆಟ್ಟಿಲ ತುದಿಯಲ್ಲಿ ನಿಂತ ಅತ್ತೆ ಬಾಯಿ ತೆರೆದು, ಏನೋ ಕೂಗಲು ಹೊರಟು, ಮತ್ತೆ ಮುಚ್ಚಿಕೊಂಡಳು. ನಾನು ಅದನ್ನು ನಿಜವಾಗಿ ನೋಡಿದೆನೋ ಅಥವಾ ಮುಂದೆ ನಡೆದದ್ದೆಲ್ಲ ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಸೇರಿಸಿಕೊಂಡೆನೋ, ಹೇಳಲಾರೆ. ಆ ದಿನದ ಪುಟದಲ್ಲಿ ಚಳಿಗೆ ಕಿವಿನೋವು ಬಂದ ಸಂಗತಿ ಮಾತ್ರ ಇದೆ.

ಮಂಜಿನ ಮಠದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಂಡವರು ನಮ್ಮಪ್ಪ. ಮಾರ್ಕೆಟ್ಟಿನ ತೂಕದಲ್ಲಾಗಲಿ ಬಸ್ಸಿನ ಸೀಟಿನಲ್ಲಾಗಲಿ ಯಾರೊಂದಿಗೂ ಜಗಳಕ್ಕೆ ಹೋಗದವರು, ಇಲ್ಲದ ಮಠವೊಂದರ ಇಲ್ಲದ ಮಂತ್ರವಾದಿಗಾಗಿ ತಂಗಿಯ ಬೆನ್ನು ಹತ್ತಿದರು.

"ಒಂದ್ಸಲ ಬುಡವ್ವ. ಒಂದೇ ಒಂದ್ ಎಸ್ರು. ಏನಾಯ್ತದೆ?"

"ಬಾವಿ ಬತ್ತೋಯ್ತದೆ ಕಣಣ್ಣ."

"ಯಾವ್ದಾರ ಪಾಳ್ ಬಾವಿ ನೋಡಿ ಬತ್ತುಸ್ಬುಡು!"

"ಪಾಳ್ ಬಾವಿ ತಾವ್ಲೂ ಯಾವ್ದಾರ ಅಸ ನೀರ್ ಕುಡೀತಿರ್ತದೆ. ನೀ ಸುಮ್ನಿರು."

ಅಪ್ಪ ಗುಂಪಿನಲ್ಲಿ ಎಲ್ಲರ ಬೆಂಬಲ ಕೇಳಿದರು. ಚಿಕ್ಕಪ್ಪಂದಿರು, ಅವರ ಮಕ್ಕಳು, ಎಲ್ಲರೂ ಹೆಬ್ಬೆರಳು ಎತ್ತಿದರು. ಅತ್ತೆ ಬಗ್ಗಲಿಲ್ಲ. "ಕತೆ ನಂದು. ಬೇಕಾದ್ರೆ ನೀವೇ ಒಂದ್ ಮಠ ಕಟ್ಕಳಿ" ಎಂದಳು. ನಾನು ನಕ್ಕೆ. ಇಬ್ಬರು ವಯಸ್ಸಾದವರು ಮಂಜಿಗಾಗಿ ಜಗಳವಾಡುತ್ತಿದ್ದಾರಲ್ಲ ಎಂದು ನಗದೆ ಇರುವುದು ಹೇಗೆ?

ನಗು ನಿಂತಿದ್ದು ನಮ್ಮ ಮನೆಯ ಗೃಹಪ್ರವೇಶದ ದಿನ.

ಚಾಮರಾಜನಗರದಲ್ಲಿ ನಾವು ಕಟ್ಟಿಸಿದ ಮನೆಗೆ, ಊರಾಚೆಯ ಚಿಕ್ಕ ಮಠವೊಂದರ ಸ್ವಾಮಿಗಳು ಪಾದಪೂಜೆಗೆ ಬಂದಿದ್ದರು. ನಮ್ಮ ಕಡೆ ಸ್ವಾಮಿಗಳನ್ನು "ಬುದ್ದಿ" ಎಂದು ಕರೆಯುತ್ತೇವೆ. ಈ ಬುದ್ದಿಯವರಿಗೆ ಅತ್ತೆ ಪ್ರತಿ ಶಿವರಾತ್ರಿಗೆ ಒಂದು ಕಾವಿ ಜುಬ್ಬ ಹೊಲಿದುಕೊಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಸ್ವಾಮಿಗಳ ಮೈಗೆ ಹೆಂಗಸು ಟೇಪು ಹಿಡಿಯುವುದುಂಟೇ? ಅಳತೆಗೆ ಹಳೆಯ ಜುಬ್ಬ ಕಳಿಸುತ್ತೇವೆ ಎಂದು ಮಠದವರು ಹೇಳಿದರೆ ಅತ್ತೆಗೆ ಅದು ಬೇಡ. ಎಲ್ಲಾದರೂ ಪಾದಪೂಜೆ ನಡೆದಾಗ ಹಿಂದಿನ ಸಾಲಿನಲ್ಲಿ ಕೂತು ಒಮ್ಮೆ ನೋಡುತ್ತಾಳೆ, ಅಷ್ಟೆ. ಹಾಗೆ ಕಣ್ಣಲ್ಲೇ ಅಳೆದು ಹೊಲಿದದ್ದು ಪ್ರತಿ ಸಲವೂ ಕೂಡುತ್ತದಂತೆ.

ಅಂದು ನಮಸ್ಕಾರಕ್ಕೆ ಎಲ್ಲರೂ ಸಾಲಾಗಿ ಹೋದೆವು. ಅತ್ತೆ ಬಗ್ಗಿ ಪಾದ ಮುಟ್ಟಿದಳು. ಅವರು ವಿಭೂತಿ ಕೊಟ್ಟು, "ಚೆನ್ನಾಗಿದ್ದೀರಾ ತಾಯಿ?" ಎಂದರು. ಅವಳು "ಹ್ಞೂ ಬುದ್ದಿ" ಎಂದಳು. ಅವಳ ಹಿಂದೆ ಇದ್ದ ನನಗೂ "ಚೆನ್ನಾಗಿದ್ದೀರಾ ತಾಯಿ?" ಎಂದರು. ಅಷ್ಟೇ.

ಪ್ರಸಾದವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ಅಪ್ಪನನ್ನು ಕೇಳಿದೆ: "ಅತ್ತೆ ಯಾಕಪ್ಪ ಊಟ ಮಾಡ್ಲಿಲ್ಲ?"

ಅಪ್ಪ ನಲ್ಲಿ ತಿರುಗಿಸಿ ನಿಲ್ಲಿಸಿದರು. "ಬುದ್ದಿಯೋರು ಯಾರು ಗೊತ್ತಾ ನಿಂಗೆ? ನಿಮ್ಮಜ್ಜಿ ಅಣ್ಣನ ಮಗ. ನಮ್ ಮಾವನ್ ಮಗ ಕಣಮ್ಮಿ."

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಮಠಕ್ಕೆ ಸೇರಿದವರಿಗೆ ಹಿಂದಿನ ನೆಂಟಸ್ತಿಕೆ ಇಲ್ಲವಾದ್ದರಿಂದ ಹೇಳುವುದು ಸಲ್ಲದು ಎಂದು ಮನೆಯವರೆಲ್ಲ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದರು. ಉಮ್ಮತ್ತೂರಿನಲ್ಲಿ ನಮ್ಮ ಮನೆಗೂ ಆ ಮಾವನ ಮನೆಗೂ ನಡುವೆ ಒಂದೇ ಗೋಡೆ. ಸೋದರಮಾವನ ಮಗ ಎಂದರೆ ನಮ್ಮ ಕಡೆ ಕೇಳುವುದೇ ಬೇಡ, ತೊಟ್ಟಿಲಲ್ಲೇ ನಿಶ್ಚಯವಾದ ಹಾಗೆ. ಮುದುಕರೆಲ್ಲ ಅತ್ತೆಯನ್ನು ಅವನಿಗೇ ಎಂದು ಮಾತಾಡಿಕೊಂಡಿದ್ದರಂತೆ. ಅಷ್ಟರಲ್ಲಿ ಹುಡುಗನಿಗೆ ಜ್ವರ ಬಂತು. ಉಳಿಯುವುದಿಲ್ಲ ಎಂದಾಗ ಅವನ ಅವ್ವ ಹರಕೆ ಹೊತ್ತಳು: ಬದುಕಿದರೆ ಮಠಕ್ಕೆ ಮರಿಸ್ವಾಮಿಯಾಗಿ ಬಿಡುತ್ತೇನೆ ಎಂದು. ಬದುಕಿದ. ಬಿಟ್ಟುಬಂದರು.

"ಓಗೋ ದಿಸ ತಲೆ ಬೋಳುಸುದ್ರಲ್ಲ, ಇವ್ಳು ಕಿಸಕಿಸ ಅಂತ ನಗಾಡ್ಬುಟ್ಲು. 'ತಾಳ್ಲೆ ಕುಳ್ಳಿ, ಬಂದು ಮಾಡ್ತೀನಿ ನಿಂಗೆ' ಅಂದ. ಅಂಗೇ ಕರೀತಿದ್ದುದು ಇವಳ್ನ, ಕುಳ್ಳಿ ಅಂತ. ಆಮೇಲೆ ನಾವು ನೋಡಾಕೆ ಓದಾಗ ಅವ್ನಿಗೆ ಎಲ್ಲಾ ಕಲ್ಸ್‌ಬುಟ್ಟಿದ್ರು. ಬಾಗ್ಲಲ್ಲಿ ನಿಂತ್ಕಂಡು ಇವಳ್ಗೆ 'ಬನ್ನಿ ತಾಯಿ' ಅಂದ. ಇವ್ಳು ಲಂಗ ಆಕ್ಕಂಡಿದ್ ಮಗು. ಯಾರಪ್ಪ ಈ ತಾಯಿ ಅಂತ ಇಂದುಕ್ ತಿರುಗಿ ನೋಡುದ್ಲು."

ಅಪ್ಪ ನಗಲು ಹೋಗಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಇಲ್ಲಿ ನಾನು ಎಚ್ಚರದಿಂದಿರಬೇಕು. ಅವನಿಗಾಗಿಯೇ ಅತ್ತೆ ಮದುವೆಯಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ನಿಜವಲ್ಲ. ಬಂದ ಗಂಡುಗಳಲ್ಲಿ ಒಬ್ಬರ ಮನೆಯವರು ಮಷಿನ್ ಬಿಟ್ಟು ಬರಬೇಕೆಂದರು, ಇನ್ನೊಬ್ಬ ಅವಳಿಗೇ ಹಿಡಿಸಲಿಲ್ಲ, ಆಮೇಲೆ ಅಜ್ಜಿ ಹಾಸಿಗೆ ಹಿಡಿದಳು, ಹೀಗೆ ಕಾಲ ಕಳೆಯಿತು. ಮಕ್ಕಳಾಟದ ವಯಸ್ಸಿನಲ್ಲಿ ಅಂಥ ಪ್ರೇಮವೇನಿರುತ್ತದೆ? ಅವಳಿಗೆ ಬೇಕಾಗಿದ್ದು ಗಂಡನಲ್ಲ. ಗೋಡೆಯಾಚೆಯಿಂದ ಕೂಗುತ್ತಿದ್ದವನೊಬ್ಬ ಮತ್ತೊಮ್ಮೆ ತನ್ನನ್ನು ತನ್ನವಳೆಂದು ಕರೆಯಬೇಕಾಗಿತ್ತು. ಅದನ್ನು ಅವಳು ಎಲ್ಲಿ ಕೇಳಿಯಾಳು, ಯಾವ ಬಾಯಿಂದ ಕೇಳಿಯಾಳು? ತಾನೂ ಅವರನ್ನು ಬುದ್ದಿ ಎಂದಲ್ಲದೆ ಬೇರೆ ಏನೂ ಅಂದವಳಲ್ಲ. ಕೇಳಲಾಗದ್ದನ್ನು ಬೆಟ್ಟದ ಮೇಲಿಟ್ಟಳು, ಸುತ್ತ ಮಂಜು ಸುತ್ತಿದಳು, ಕೆಳಗೆ ಬಾವಿಗಳನ್ನು ತೋಡಿದಳು. ಅವನು ಕರೆಯದೆ ಇರುವುದರಿಂದ ಯಾರಿಗೋ ನೀರು ಸಿಗುತ್ತಿದೆ ಎಂದುಕೊಂಡರೆ ಸಹಿಸಬಹುದಲ್ಲ! ಇದು ನನ್ನ ಊಹೆ. ಅತ್ತೆಯನ್ನು ಕೇಳುವ ಧೈರ್ಯ ನನಗಿಲ್ಲ.

ಗೃಹಪ್ರವೇಶ ಮುಗಿಸಿ ಹೊರಡುವಾಗ ಅವಳು ಅಪ್ಪನಿಗೆ ಹೇಳಿದ್ದು ಬೇರೆಯೇ ವಿಷಯ. "ಅಣ್ಣ, ಈ ಸಲುದ್ ಜುಬ್ಬ ಭುಜದ್ ತಾವು ಇಳೇ ಬಿದ್ದದೆ. ನಾನು ಸರ್ಯಾಗೇ ಒಲ್ದಿದ್ದೆ. ಬುದ್ದಿಯೋರು ಸೊರಗವ್ರೆ. ಡಾಕ್ಟ್ರುಗೆ ತೋರ್ಸಾಕೇಳು."

ತೋರಿಸಿದರು. ಅಷ್ಟರಲ್ಲಾಗಲೇ ಕಾಯಿಲೆ ಬಹಳ ದೂರ ಹೋಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮಠಕ್ಕೇ ಕರೆದುಕೊಂಡು ಹೋಗಿ ಎಂದರು.

ಅಪ್ಪ, ಅತ್ತೆ, ನಾನು ನೋಡಲು ಹೋದೆವು. ಗುಂಡ್ಲುಪೇಟೆಯ ಬಸ್ಸಿನಿಂದ ಇಳಿದ ಅತ್ತೆ ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಕೈಯಲ್ಲಿ ಏನೂ ಇರಲಿಲ್ಲ. ಮಠದ ಚಿಕ್ಕ ಕೋಣೆಯಲ್ಲಿ, ಕಿಟಕಿಯ ಬಳಿಯ ಮಂಚದಲ್ಲಿ ಬುದ್ದಿಯವರು ಒರಗಿ ಕೂತಿದ್ದರು. ಹೊದಿಕೆಯ ಮೇಲಿದ್ದ ಕೈ ಮಗುವಿನ ಕೈಯಷ್ಟು ಸಣ್ಣಗಾಗಿತ್ತು. ಅತ್ತೆ ಹೊಲಿದ ಜುಬ್ಬ ಗೂಟದಲ್ಲಿ ತೂಗುತ್ತಿತ್ತು. ಸೇವೆಗಿದ್ದ ಶಿಷ್ಯರೊಬ್ಬರು ಬಾಗಿಲಲ್ಲಿ ನಿಂತಿದ್ದರು.

ನಾವು ನಮಸ್ಕರಿಸಿ ಚಾಪೆಯ ಮೇಲೆ ಕೂತೆವು. ಬುದ್ದಿಯವರು ಮೆಲ್ಲಗೆ, "ತಾಯಿ, ಈರುಳ್ಳಿ ಮಠದವರಿಗೆ ಹೆಣ್ಣು ಸಿಕ್ಕಿತೇ?" ಎಂದರು.

ಅತ್ತೆ ಬೆಚ್ಚಿಬಿದ್ದಳು. ಅಪ್ಪ ಕಿಟಕಿಯಾಚೆಯ ತೆಂಗಿನಮರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಕಥೆಗಳನ್ನೆಲ್ಲ ಶಿಷ್ಯರ ಫೋನಿಗೆ ಕಳಿಸುತ್ತಿದ್ದವರು ಇವರೇ! ಬಾವಿ ಬತ್ತಿಸು ಎಂದು ಅಷ್ಟು ದಿನ ಬೇಡಿಕೊಂಡದ್ದು ಯಾರ ಪರವಾಗಿ ಎಂಬುದು ನನಗೆ ಆಗ ಹೊಳೆಯಿತು.

"ಇಲ್ಲ ಬುದ್ದಿ" ಎಂದಳು ಅತ್ತೆ. "ಇನ್ನೂ ನೋಡ್ತಾವ್ರೆ."

"ಪಾಪ. ಗಾಳಿ ಮಠದವರು?"

"ಎಲ್ರುಗೂ ಆಗದೆ ಬುದ್ದಿ. ಒಬ್ಬ ಮಾತ್ರ ಆರೋದ."

ಅವರು ನಕ್ಕರು. ನಗು ಕೆಮ್ಮಾಯಿತು. ಶಿಷ್ಯರು ನೀರು ಕುಡಿಸಿದರು. ಉಸಿರು ಹದಕ್ಕೆ ಬಂದ ಮೇಲೆ ಕೇಳಿದರು: "ಮಂಜಿನ ಮಠದವರಿಗೆ ಏನೂ ರಿಯಾಯಿತಿ ಇಲ್ಲವೇ ತಾಯಿ? ಕೊನೆಗಾಲಕ್ಕಾದರೂ?"

ಅತ್ತೆ ತಲೆ ತಗ್ಗಿಸಿ ಸೀರೆಯ ಸೆರಗಿನ ಅಂಚನ್ನು ಉಗುರಿನಿಂದ ಮಡಿಸುತ್ತಿದ್ದಳು, ಹೊಲಿಯುವ ಮುಂಚೆ ಬಟ್ಟೆ ಮಡಿಸುವ ಹಾಗೆ. ಬಹಳ ಹೊತ್ತು ಮಡಿಸಿದಳು. "ಇಲ್ಲ ಬುದ್ದಿ" ಎಂದಳು. "ನಿಯಮ ನಿಯಮವೇಯ. ಬಾವಿ ಬತ್ತೋಯ್ತವೆ."

ಅವರು ಕಣ್ಣು ಮುಚ್ಚಿಕೊಂಡರು. ಮಲಗಿದರೇನೋ ಎಂದುಕೊಂಡು ನಾವು ಏಳಬೇಕೆಂದಿದ್ದೆವು. ಆಗ ಕಣ್ಣು ಬಿಡದೆಯೇ, ಅದುವರೆಗೆ ಆಡುತ್ತಿದ್ದ ಮಠದ ಮಾತನ್ನು ಬಿಟ್ಟು, ಅಚ್ಚ ಉಮ್ಮತ್ತೂರಿನ ದನಿಯಲ್ಲಿ ಹೇಳಿದರು: "ಬಾವಿಗೋಳೆಲ್ಲ ಯಾವತ್ತೋ ಬತ್ತೋಗವೆ ಕಣ್ ಕುಳ್ಳಿ. ಈಗ ಎಲ್ಲಾ ಬೋರ್‌ವೆಲ್ಲು."

ಬಾಗಿಲಲ್ಲಿದ್ದ ಶಿಷ್ಯರು ಏನೂ ಕೇಳಿಸದವರಂತೆ ಹೊರಗೆ ಹೋದರು. ಅಪ್ಪನ ಭುಜ ಅಲುಗುತ್ತಿತ್ತು. ಅತ್ತೆ ಎದ್ದಳು. ಗೂಟದ ಕಡೆ ಕೈ ತೋರಿಸಿ, ಯಾರ ಜೊತೆಗೋ ಜಗಳಕ್ಕೆ ಬಂದವಳಂತೆ, "ಆ ಜುಬ್ಬ ಸಡ್ಲ ಆಗದೆ, ತಕಂಡೋಯ್ತೀನಿ. ಇಡ್ದು ಒಲ್ದು ತತ್ತೀನಿ. ಅಲ್ಲೀಗಂಟ ಅಳೇದ್ನೇ ಆಕ್ಕೋ" ಎಂದಳು.

ಆಕ್ಕೋ! ಅತ್ತೆ ಅವರನ್ನು ಏಕವಚನದಲ್ಲಿ ಗದರಿಸಿದಳು. ಅವರು ಕಣ್ಣು ಮುಚ್ಚಿಕೊಂಡೇ ಹ್ಞೂ ಎಂದು ತಲೆಯಾಡಿಸಿದರು, ಬೈಸಿಕೊಂಡ ಹುಡುಗನ ಹಾಗೆ. ಈ ಒಂದು ನೆನಪನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಅಪ್ಪನೂ ಕೇಳಿದ್ದಾರೆ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಜುಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಮ್ಮೆ ಮಾತ್ರ, "ಬೋರ್‌ವೆಲ್ಲಂತೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ನಕ್ಕು, ಮುಖ ಆ ಕಡೆ ತಿರುಗಿಸಿದಳು.

ಜುಬ್ಬ ತಿರುಗಿ ಕೊಡುವಷ್ಟು ದಿನ ಅವರು ಇರಲಿಲ್ಲ.

ಹೂವಿನ ಮಂಟಪದಲ್ಲಿ ಅವರನ್ನು ಕೂರಿಸಿದ್ದರು. ಮೈಕಿನಲ್ಲಿ "ಭಕ್ತಾದಿಗಳು ಸಾಲಾಗಿ ಬರಬೇಕು" ಎಂದು ಕೂಗುತ್ತಿದ್ದರು. ನಾವೂ ಭಕ್ತಾದಿಗಳು. ನೆಂಟರು ಎಂದು ಬೇರೆ ಜಾಗ ಅಲ್ಲಿಲ್ಲ, ಹೆತ್ತವರು ಬದುಕಿದ್ದಿದ್ದರೂ ಸಾಲಿನಲ್ಲೇ ಬರಬೇಕಿತ್ತು. ಪಕ್ಕದ ಹೆಂಗಸೊಬ್ಬಳು ಅಳುತ್ತಾ ಅತ್ತೆಯನ್ನು, "ನೀವ್ ಯಾವೂರ್ ಭಕ್ತರವ್ವ?" ಎಂದು ಕೇಳಿದಳು. ಅತ್ತೆ, "ಗುಂಡ್ಲುಪ್ಯಾಟೆ" ಎಂದಳು. ಸರದಿ ಬಂದಾಗ ಹೂ ಹಾಕಿ, ಬಗ್ಗಿ, ಮುಂದೆ ಹೋದಳು. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ.

ಆಮೇಲೆ ಧ್ವನಿಸಂದೇಶಗಳು ನಿಂತವು. "ಕಥೆ ಎಲ್ಲಿ?" ಎಂದು ಗುಂಪಿನಲ್ಲಿ ಮೊದಮೊದಲು ಕೇಳುತ್ತಿದ್ದವರು ಕೇಳುವುದನ್ನು ಬಿಟ್ಟರು. ಈರುಳ್ಳಿ ಮಠದವರು ಇನ್ನೂ ಹೆಣ್ಣು ಹುಡುಕುತ್ತಲೇ ಇದ್ದಾರೋ ಏನೋ.

ಮೊನ್ನೆ ಕಾಲೇಜಿಗೆ ರಜೆ ಇತ್ತು, ಗುಂಡ್ಲುಪೇಟೆಗೆ ಹೋದೆ. ಅಂಗಡಿಯಲ್ಲಿ ಮಷಿನ್ ಓಡುತ್ತಿತ್ತು. ತಂತಿಗೆ ಸಾಲಾಗಿ ನೇತುಹಾಕಿದ ಹಸಿರು, ಗುಲಾಬಿ, ಜರಿಯಂಚಿನ ಬ್ಲೌಸುಗಳ ನಡುವೆ ಆ ಕಾವಿ ಜುಬ್ಬವೂ ಇತ್ತು. ಭುಜದ ಎರಡೂ ಕಡೆ ಗುಂಡುಪಿನ್ನು ಚುಚ್ಚಿ, ಎಷ್ಟು ಒಳಗೆ ಹಿಡಿದು ಹೊಲಿಯಬೇಕೆಂದು ಚಾಕಿನಲ್ಲಿ ಗೆರೆ ಎಳೆದಿತ್ತು. ಹೊಲಿಗೆ ಹಾಕಿರಲಿಲ್ಲ. ಬ್ಲೌಸು ಒಯ್ಯಲು ಬಂದಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಕೈಮುಗಿದಳು.

"ಯಾವ್ ಸ್ವಾಮಿಗೋಳ್ದಕ್ಕ ಇದು?"

ಅತ್ತೆ ಮಷಿನ್ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಯಾವ್ ಸ್ವಾಮಿಗೋಳ್ದೂ ಅಲ್ಲ ಕಣವ್ವ. ನಮ್ ಮಾವನ್ ಮಗಂದು. ಇಡ್ದು ಕೊಡು ಅಂತ ಕೊಟ್ಟವ್ನೆ."